ಫೋಮ್ ಹಾಳೆಯ ಕ್ಯಾಟಲಿನಾ: ಮೂತಿಯ ತಿರುವು ಮತ್ತು ತಳದ ಮೆಟ್ಟಿಲಿನ ಬಗ್ಗೆ ಸಲಹೆ ಬೇಕು

ರೆಕ್ಕೆಪುಕ್ಕ, ಬಳ್ಳಾರಿ

ನೀರಿನ ಮೇಲಿಂದ ಏಳುವ ದೂರನಿಯಂತ್ರಿತ ಮಾದರಿ ವಿಮಾನವೊಂದನ್ನು ಕಿಟ್ ಇಲ್ಲದೆ, ಫೋಮ್ ಹಾಳೆ ಕತ್ತರಿಸಿ ಮಾಡಲು ಹೊರಟಿದ್ದೇನೆ. ಆರಿಸಿಕೊಂಡದ್ದು ಪಿಬಿವೈ ಕ್ಯಾಟಲಿನಾ, ಒಡಲೇ ದೋಣಿಯಾಗಿರುವ ಅಮೆರಿಕದ ವಿಮಾನ. 1935ರಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ನಮ್ಮ ರಾಜ್ಯದ ನಂಟೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇವು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿದು ಎಚ್‌ಎಎಲ್ ಕಾರ್ಖಾನೆಯಲ್ಲಿ ದುರಸ್ತಿ ಮಾಡಿಸಿಕೊಂಡು ಹೋಗುತ್ತಿದ್ದವು. ಈಗ ಆ ಕೆರೆ ನೊರೆಗೆ ಹೆಸರಾಗಿದೆ, ಅದು ಬೇರೆ ಮಾತು.

ಅಳತೆ 1:24. ಮೂಲದ ರೆಕ್ಕೆ 31.7 ಮೀಟರ್, ಉದ್ದ ಹತ್ತೊಂಬತ್ತೂವರೆ ಮೀಟರ್. ನನ್ನದು 1,320 ಮಿಲಿಮೀಟರ್ ರೆಕ್ಕೆ, 810 ಮಿಲಿಮೀಟರ್ ಉದ್ದ. ಮೂಲದ ರೆಕ್ಕೆಯ ವಿಸ್ತೀರ್ಣ 1,400 ಚದರಡಿ, ಅಂದರೆ ಮಾದರಿಗೆ ಸುಮಾರು 22.5 ಚದರ ಡೆಸಿಮೀಟರ್. ಒಟ್ಟು ತೂಕವನ್ನು 900 ಗ್ರಾಂ ಒಳಗೆ ಹಿಡಿದರೆ ಚದರ ಡೆಸಿಮೀಟರಿಗೆ 40 ಗ್ರಾಂ ಬೀಳುತ್ತದೆ. ಆಗ ಗಂಟೆಗೆ 30 ಕಿಲೋಮೀಟರ್ ಸುಮಾರಿಗೂ ಗಾಳಿಯಲ್ಲಿ ನಿಲ್ಲಬೇಕು.

ಇದು ಅರೆ ಸ್ಕೇಲ್. ನೋಡಿದವರು ಕ್ಯಾಟಲಿನಾ ಎಂದು ಗುರುತಿಸಬೇಕು, ಆದರೆ ರಿವೆಟ್ ಎಣಿಸಬಾರದು. ಬಾಲದ ರೆಕ್ಕೆಯನ್ನು ಮೂಲಕ್ಕಿಂತ ತುಸು ದೊಡ್ಡದು ಮಾಡಿದ್ದೇನೆ. ರೆಕ್ಕೆ ತುದಿಯ ಫ್ಲೋಟುಗಳು, ಅಂದರೆ ತೇಲುಬುಡ್ಡೆಗಳು, ಮೂಲದಲ್ಲಿ ಮೇಲಕ್ಕೆ ಮಡಚಿ ರೆಕ್ಕೆಯ ತುದಿಯಾಗುತ್ತವೆ. ನನ್ನವು ಕೆಳಗೇ ಗಟ್ಟಿಯಾಗಿ ನಿಲ್ಲುತ್ತವೆ. ಬೆನ್ನಿನ ಎರಡೂ ಬದಿಯ ಗಾಜಿನ ಗುಳ್ಳೆಗಳನ್ನು ಮಾತ್ರ ಬಿಡಲಾರೆ. ಅವಿಲ್ಲದೆ ಅದು ಕ್ಯಾಟಲಿನಾ ಅಲ್ಲ.

ರೆಕ್ಕೆ ಕತ್ತರಿಸಿಯಾಗಿದೆ. ಎರಡು ಕಡೆ ನಿಂತಿದ್ದೇನೆ. ಒಂದು, ಮೂತಿಯ ಗುಂಡು ಆಕಾರವನ್ನು ಚಪ್ಪಟೆ ಹಾಳೆಯಿಂದ ತರುವುದು. ಎರಡು, ತಳದ ಮೆಟ್ಟಿಲನ್ನು, ಅಂದರೆ ದೋಣಿ ತಳದ ನಡುವೆ ಅಡ್ಡಲಾಗಿ ಬರುವ ಕಡಿತವನ್ನು, ಎಲ್ಲಿ ಇಡಬೇಕು, ಎಷ್ಟು ಆಳ ಇಡಬೇಕು ಎಂಬುದು.

ಬಾಲ್ಸಾವಾದಿ, ತೋರಣಗಲ್ಲು

ಎರಡು ಮೋಟರು, ಕಂಬದ ಮೇಲೆ ಕುಳಿತ ರೆಕ್ಕೆ, ಮೆಟ್ಟಿಲಿನ ತಳ, ಮೇಲೆ ಗಾಜಿನ ಗುಳ್ಳೆ. ಮೊದಲ ನೀರು ವಿಮಾನಕ್ಕೆ ಇಷ್ಟೆಲ್ಲ ಏಕೆ? ಚಪ್ಪಟೆ ತಳದ, ಒಂದೇ ಮೋಟರಿನ ಹಾರುವ ದೋಣಿ ಮಾಡಿ. ಅಥವಾ ನಿಮ್ಮಲ್ಲಿ ಈಗಾಗಲೇ ಇರುವ ನೆಲದ ವಿಮಾನಕ್ಕೆ ಎರಡು ಫ್ಲೋಟ್ ಕಟ್ಟಿ. 2024ರ ನವೆಂಬರ್‌ನಲ್ಲಿ ವಿಜಯವಾಡದಿಂದ ಶ್ರೀಶೈಲಕ್ಕೆ ಪ್ರದರ್ಶನ ಹಾರಾಟ ಮಾಡಿದ ಟ್ವಿನ್ ಆಟರ್ ಕೂಡ ಫ್ಲೋಟಿನದೇ. ಅದಕ್ಕೇನೂ ಅವಮಾನವಾಗಲಿಲ್ಲ.

ರೆಕ್ಕೆಪುಕ್ಕ, ಬಳ್ಳಾರಿ

ನೆಲದ ವಿಮಾನಗಳನ್ನು ಹಲವು ವರ್ಷ ಹಾರಿಸಿದ್ದೇನೆ, ಗಾಳಿಯಲ್ಲಿನ ಭಾಗದ ಬಗ್ಗೆ ಭಯವಿಲ್ಲ. ಫ್ಲೋಟ್ ಕಟ್ಟಿದರೆ ನಾನು ಕಲಿಯಬೇಕೆಂದಿರುವ ವಿಷಯವೇ ತಪ್ಪಿಹೋಗುತ್ತದೆ. ಒಡಲೇ ದೋಣಿಯಾಗಿರಬೇಕು ಎಂಬುದು ನನ್ನ ಹಟ.

ಕಟಿಂಗ್ ಮಾಸ್ಟರ್, ಕೌಲ್ ಬಜಾರ್

ವಿಮಾನದ ವಿಷಯ ನನಗೆ ಗೊತ್ತಿಲ್ಲ. ಮಗ ಇದನ್ನೆಲ್ಲ ಓದುತ್ತಿರುತ್ತಾನೆ, ಅವನ ಹೆಗಲ ಮೇಲಿಂದ ನಾನೂ ಓದಿದೆ. ಚಪ್ಪಟೆ ಹಾಳೆಯಿಂದ ಗುಂಡು ಆಕಾರ ತೆಗೆಯುವುದು ಮಾತ್ರ ನನ್ನ ದಿನನಿತ್ಯದ ಕೆಲಸ, ಆದ್ದರಿಂದ ಹೇಳುತ್ತೇನೆ.

ಬಟ್ಟೆಯನ್ನು ಮೈಗೆ ಕೂರಿಸಲು ಎರಡು ದಾರಿ. ಒಂದು ಡಾರ್ಟ್: ತ್ರಿಕೋನವಾಗಿ ಮಡಚಿ ಹೊಲಿಯುವುದು. ಇನ್ನೊಂದು, ಹೊಲಿಗೆಯ ಗೆರೆಯನ್ನೇ ತಿರುವು ಇರುವ ಕಡೆಗೆ ಒಯ್ಯುವುದು. ಜೀನ್ಸ್ ಪ್ಯಾಂಟಿನ ಹಿಂಭಾಗ ನೋಡಿ. ಅಲ್ಲಿ ಡಾರ್ಟ್ ಇರುವುದಿಲ್ಲ, ಸೊಂಟಪಟ್ಟಿಯ ಕೆಳಗೆ ಯೋಕ್ ಎಂಬ ತುಂಡು ಇರುತ್ತದೆ. ಆ ತುಂಡಿನ ಕೆಳಗಿನ ಅಂಚೂ ಅದಕ್ಕೆ ಸೇರುವ ಪ್ಯಾಂಟಿನ ಅಂಚೂ ಬೇರೆ ಬೇರೆ ಬಾಗಿನಲ್ಲಿ ಕತ್ತರಿಸಿರುತ್ತವೆ. ಎರಡನ್ನೂ ಸೇರಿಸಿ ಹೊಲಿದಾಗ ಬಟ್ಟೆ ತಾನಾಗಿ ಗುಂಡಾಗುತ್ತದೆ.

ನಿಮ್ಮ ಮೂತಿಗೂ ಇದೇ ಮಾಡಿ. ಥರ್ಮೋಕೋಲ್ ದಿಮ್ಮಿಯಲ್ಲಿ ಮೂತಿಯ ಆಕಾರವನ್ನು ಒಮ್ಮೆ ಕೆತ್ತಿ. ಅದಕ್ಕೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಸುತ್ತಿ, ಮೇಲೆ ಪೂರ್ತಿ ಕಾಗದದ ಟೇಪ್ ಅಂಟಿಸಿ. ನಂತರ ಪೆನ್ನಿನಲ್ಲಿ ಹೊಲಿಗೆ ಗೆರೆಗಳನ್ನು ಎಳೆಯಿರಿ: ನಡುಬೆನ್ನಿಗೆ ಒಂದು, ಭುಜದ ಏಣಿಗೆ ಎರಡು, ನೀರು ತಾಗುವ ತಳದ ಅಂಚಿಗೆ ಎರಡು. ಬ್ಲೇಡಿನಿಂದ ಆ ಗೆರೆಗಳ ಮೇಲೆ ಕೊಯ್ದು ಟೇಪಿನ ಚರ್ಮ ಸುಲಿದು ಮೇಜಿನ ಮೇಲೆ ಹಾಸಿ. ಎಲ್ಲಿ ಅದು ಸುಕ್ಕಾಗಿ ಎದ್ದು ನಿಲ್ಲುತ್ತದೋ ಅಲ್ಲಿ ಇನ್ನೊಂದು ಸೀಳು ಬೇಕು. ಎಲ್ಲಿ ಸಮನಾಗಿ ಮಲಗುತ್ತದೋ ಅದು ನಿಮ್ಮ ಪ್ಯಾಟರ್ನ್.

ಎಡಕ್ಕೂ ಬಲಕ್ಕೂ ಬೇರೆ ಬೇರೆ ತೆಗೆಯಬೇಡಿ. ಒಂದು ಬದಿ ತೆಗೆದು ಅದನ್ನೇ ಮಗುಚಿ ಇನ್ನೊಂದನ್ನು ಕತ್ತರಿಸಿ. ಹಾಳೆಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಳಗಿನ ಅಂಚು ಹೊರಗಿನದಕ್ಕಿಂತ ಚಿಕ್ಕದು. ಐದು ಮಿಲಿಮೀಟರ್ ದಪ್ಪದ ವಸ್ತುವಿನಲ್ಲಿ ಇದನ್ನು ಮರೆತರೆ ಕೊನೆಯ ಹೊಲಿಗೆ ಸೇರುವುದೇ ಇಲ್ಲ.

ರೆಕ್ಕೆಪುಕ್ಕ, ಬಳ್ಳಾರಿ

ಮಾಸ್ಟರ್, ನಿಮ್ಮ ಮಗನಿಗಿಂತ ನೀವೇ ಇಲ್ಲಿಗೆ ಹೆಚ್ಚು ಬರಬೇಕು. ದಿಮ್ಮಿ ಕೆತ್ತಲು ಇವತ್ತೇ ಕೂರುತ್ತೇನೆ.

ಲ್ಯಾಬ್ ಮೇಷ್ಟ್ರು, ರಾಯಚೂರು

ತಳದ ವಿಷಯಕ್ಕೆ ಬರೋಣ. ನೀರು ವಿಮಾನ ಮಾಡುವವರಲ್ಲಿ ಹೆಚ್ಚಿನವರು ರೆಕ್ಕೆಗೆ ತಿಂಗಳುಗಟ್ಟಲೆ ಮೈ ಸವೆಸಿ, ತಳವನ್ನು ಕೊನೆಯ ಸಂಜೆ ಅಂಟಿಸುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗು. ರೆಕ್ಕೆಯಲ್ಲಿ ಐದು ಶೇಕಡಾ ದೋಷವಿದ್ದರೂ ಅದು ಹಾರುತ್ತದೆ. ತಳದಲ್ಲಿ ಒಂದು ಅಂಚು ಮೊಂಡಾದರೆ ನೀರನ್ನೇ ಬಿಡುವುದಿಲ್ಲ.

ಕಾರಣ ಹೀಗೆ. ಉಬ್ಬಿದ ಮೇಲ್ಮೈಯ ಮೇಲೆ ಹರಿಯುವ ನೀರು ಅದನ್ನೇ ಅಂಟಿಕೊಂಡು ತಿರುಗುತ್ತದೆ. ಹಾಗೆ ತಿರುಗುವಾಗ ಒತ್ತಡ ಇಳಿದು ಒಡಲನ್ನು ಕೆಳಕ್ಕೆ ಎಳೆಯುತ್ತದೆ. ಚಮಚದ ಬೆನ್ನನ್ನು ನಲ್ಲಿಯ ಧಾರೆಗೆ ತಾಗಿಸಿದರೆ ಚಮಚ ಧಾರೆಯೊಳಕ್ಕೆ ಎಳೆದುಕೊಳ್ಳುವುದನ್ನು ಯಾರು ಬೇಕಾದರೂ ನೋಡಬಹುದು. ವಿಮಾನ ವೇಗ ಪಡೆದಷ್ಟೂ ಈ ಎಳೆತ ಹೆಚ್ಚುತ್ತದೆ. 1912ರಲ್ಲಿ ಅಮೆರಿಕದ ವಿಮಾನ ತಯಾರಕ ಗ್ಲೆನ್ ಕರ್ಟಿಸ್‌ನ ಹಾರುವ ದೋಣಿ ನೀರು ಬಿಟ್ಟು ಏಳಲು ಒಪ್ಪದೆ ಇದ್ದಾಗ ತಳಕ್ಕೆ ಮೆಟ್ಟಿಲು ಸೇರಿಸಲಾಯಿತು, ಆಮೇಲೆ ಅದು ಎದ್ದಿತು. ಆ ಮೆಟ್ಟಿಲಿನ ಕೆಲಸ ಒಂದೇ: ನೀರಿನ ಪದರವನ್ನು ಕತ್ತರಿಸಿ ಬಿಡುವುದು, ಹಿಂದಿನ ಅರ್ಧ ತಳದ ಕೆಳಗೆ ಗಾಳಿ ನುಗ್ಗಲು ಜಾಗ ಕೊಡುವುದು.

ಈಗ ಅಳತೆ. ನಿಮ್ಮ ಸಿಜಿಯನ್ನು, ಅಂದರೆ ಗುರುತ್ವ ಕೇಂದ್ರವನ್ನು, ರೆಕ್ಕೆಯ ಸರಾಸರಿ ಅಗಲದ 27 ಶೇಕಡಾ ಸುಮಾರಿಗೆ ಇಡಿ. ಸರಾಸರಿ ಅಗಲ ನಿಮಗೆ 171 ಮಿಲಿಮೀಟರ್ ಬರುತ್ತದೆ, ಆದ್ದರಿಂದ ಅದರ ಮುಂದಿನ ಅಂಚಿನಿಂದ 46 ಮಿಲಿಮೀಟರ್ ಹಿಂದೆ. ಸಿಜಿಯಿಂದ ತಳಕ್ಕೆ ನೇರ ತೂಗುಗೆರೆ ಇಳಿಸಿ. ಸಿಜಿಯಿಂದಲೇ ಹಿಂದಕ್ಕೆ 10 ಡಿಗ್ರಿ ವಾಲಿದ ಇನ್ನೊಂದು ಗೆರೆ ಎಳೆಯಿರಿ. ಅದು ತಳವನ್ನು ಮುಟ್ಟುವಲ್ಲಿ ಮೆಟ್ಟಿಲು. ಸಿಜಿ ತಳದಿಂದ 130 ಮಿಲಿಮೀಟರ್ ಎತ್ತರದಲ್ಲಿದ್ದರೆ ಮೆಟ್ಟಿಲು 23 ಮಿಲಿಮೀಟರ್ ಹಿಂದೆ ಬರುತ್ತದೆ. ತೀರಾ ಹಿಂದಕ್ಕೆ ಹೋದರೆ ಏಳುವ ವೇಗ ಬಂದರೂ ಮೂತಿ ಎತ್ತಲು ಬಾಲದ ರೆಕ್ಕೆಯ ಎಲಿವೇಟರಿಗೆ ಆಗುವುದಿಲ್ಲ. ಸಿಜಿಗಿಂತ ಮುಂದೆ ಬಂದರೆ ವಿಮಾನ ಕುಪ್ಪಳಿಸಲು ಶುರುಮಾಡುತ್ತದೆ. ಮೂತಿ ಏಳುತ್ತದೆ, ಬೀಳುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ.

ಆಳ: ತಳದ ಅಗಲದ ಎಂಟು ಶೇಕಡಾ. ನಿಮ್ಮದು 125 ಮಿಲಿಮೀಟರ್ ಅಗಲವಿದ್ದರೆ 10 ಮಿಲಿಮೀಟರ್. ಅಂದರೆ ಎರಡು ಹಾಳೆಯ ದಪ್ಪ, ಅಳೆಯುವ ಕೆಲಸವೂ ಇಲ್ಲ. ಮೆಟ್ಟಿಲಿನ ಹಿಂದಿನ ತಳ ಬಾಲದ ಕಡೆಗೆ 7-8 ಡಿಗ್ರಿ ಏರಲಿ. ಮುಂದಿನ ಭಾಗ ಮೆಟ್ಟಿಲಿನ ಹತ್ತಿರ ಒಂದಿಷ್ಟು ದೂರ ಸಪಾಟಾಗಿ ಓಡಲಿ, ಅಲ್ಲಿ ಬಾಳೆಕಾಯಿಯ ಬಾಗು ಬೇಡ.

ಫೋಮಿನ ಕೆಡುಕು ಇಲ್ಲಿಯೇ. ಉಪ್ಪುಕಾಗದ ಎರಡು ಸಲ ಆಡಿಸಿದರೆ ಅಂಚು ಗುಂಡಗಾಗುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಪಟ್ಟಿಯಾಗಿ ಕತ್ತರಿಸಿ ಮೆಟ್ಟಿಲಿನ ಅಂಚಿಗೆ ಅಂಟಿಸಿ, ಅರ್ಧ ಮಿಲಿಮೀಟರ್ ಹೊರಗೆ ಚಾಚಿಕೊಂಡಿರಲಿ. ತಳದ ಎರಡು ಪಕ್ಕದ ಅಂಚುಗಳಿಗೂ ಮೂತಿಯಿಂದ ಮೆಟ್ಟಿಲಿನವರೆಗೆ ಅದೇ ಪಟ್ಟಿ. ಅವು ಗುಂಡಗಾದರೆ ನೀರು ಪಕ್ಕಕ್ಕೆ ಹಾರದೆ ಗೋಡೆ ಹತ್ತಿ ಪ್ರೊಪೆಲ್ಲರಿಗೆ ಬಡಿಯುತ್ತದೆ.

ಹೊಸಬ, ಸಿಂಧನೂರು

ಸರ್, ನಾನು ಡಿಪ್ಲೊಮಾ ವಿದ್ಯಾರ್ಥಿ. ನಮ್ಮಲ್ಲಿ ಈ ಫೋಮ್ ಹಾಳೆಯನ್ನು ಎಕ್ಸ್‌ಪಿಎಸ್ ಎಂದು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಬೋರ್ಡ್ ಬರೆಯುವವರ ಬಳಿ ಸನ್‌ಬೋರ್ಡ್ ಸಿಗುತ್ತದೆ. ನಡೆಯುತ್ತದೆಯೇ? ಅಂಟಿಗೆ ಫೆವಿಕ್ವಿಕ್ ಸಾಕೇ?

ರೆಕ್ಕೆಪುಕ್ಕ, ಬಳ್ಳಾರಿ

ತಮ್ಮ, ಪಿವಿಸಿಯ ಸನ್‌ಬೋರ್ಡ್ ಕೈಗೆತ್ತಿಕೊಂಡು ನೋಡಿದರೆ ತಿಳಿಯುತ್ತದೆ. ಐದು ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ ಎರಡೂವರೆ ಕಿಲೋ ಸುಮಾರು ತೂಗುತ್ತದೆ. ಅದೇ ದಪ್ಪದ ಎಕ್ಸ್‌ಪಿಎಸ್ ಇನ್ನೂರು ಗ್ರಾಂ ಒಳಗೆ. ಸನ್‌ಬೋರ್ಡಿನಲ್ಲಿ ವಿಮಾನದ ಹೆಸರು ಬರೆದು ಬಾಗಿಲಿಗೆ ತಗುಲಿಹಾಕಬಹುದು, ಹಾರಿಸಲಾಗದು.

ಎಕ್ಸ್‌ಪಿಎಸ್ ಬೇಕಿದ್ದರೆ ಛಾವಣಿಯ ಶಾಖ ತಡೆಯುವ ಹಲಗೆ ಮಾರುವವರನ್ನು, ಕೋಲ್ಡ್ ಸ್ಟೋರೇಜ್ ಕಟ್ಟುವ ಗುತ್ತಿಗೆದಾರರನ್ನು ಕೇಳು. ಗುಲಾಬಿ ಅಥವಾ ನೀಲಿ ಬಣ್ಣದ ದಪ್ಪ ಹಲಗೆ ಬರುತ್ತದೆ. ಅದನ್ನು ಕಾಯಿಸಿದ ನಿಕ್ರೋಮ್ ತಂತಿಯ ಬಿಲ್ಲಿನಿಂದ ಐದು ಮಿಲಿಮೀಟರ್ ಹಾಳೆಗಳಾಗಿ ಸೀಳಬೇಕು. ಮೇಜಿನ ಎರಡು ಬದಿಗೆ ಐದು ಮಿಲಿಮೀಟರ್ ಪಟ್ಟಿ ಅಂಟಿಸಿ, ತಂತಿ ಅವುಗಳ ಮೇಲೆ ಜಾರುವಂತೆ ಮಾಡಿದರೆ ದಪ್ಪ ಒಂದೇ ಸಮ ಬರುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟೇ ಮಾಡು, ಆ ಹೊಗೆ ಒಳ್ಳೆಯದಲ್ಲ. ಎರಡೂ ಬದಿಗೆ ಕಾಗದವಿರುವ ಫೋಮ್ ಬೋರ್ಡ್ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ರೆಕ್ಕೆಗೆ ಅದೂ ಆದೀತು. ನೀರು ತಾಗುವ ಕಡೆ ಮಾತ್ರ ಕಾಗದ ಇರಲೇಬಾರದು. ನೆನೆದರೆ ಎದ್ದು ಬರುತ್ತದೆ. ಮೊದಲೇ ಒದ್ದೆ ಬಟ್ಟೆಯಿಂದ ನೆನೆಸಿ ಸುಲಿದುಬಿಡು.

ಅಂಟಿನ ಮಾತು. ಫೆವಿಕ್ವಿಕ್ ಜಾತಿಯ ಅಂಟು ಥರ್ಮೋಕೋಲನ್ನೂ ಎಕ್ಸ್‌ಪಿಎಸ್ಸನ್ನೂ ತಿನ್ನುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟೂ ಹಾಗೆಯೇ. ಮರಗೆಲಸದ ಬಿಳಿ ಫೆವಿಕಾಲ್ ಫೋಮನ್ನು ತಿನ್ನುವುದಿಲ್ಲ, ಆದರೆ ಎರಡು ಹಾಳೆಗಳ ನಡುವೆ ಒಣಗಲು ವಾರ ತೆಗೆದುಕೊಳ್ಳುತ್ತದೆ, ನೀರಿನಲ್ಲಿ ಮತ್ತೆ ಮೆತ್ತಗಾಗುತ್ತದೆ. ತಳದ ಜೋಡಣೆಗಳಿಗೆಲ್ಲ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ, ತೆಳ್ಳಗೆ ಸವರಬೇಕು. ಗ್ಲೂ ಗನ್ ಬಳಸಬಹುದು, ಆದರೆ ನಮ್ಮ ಬಿಸಿಲನ್ನು ನೆನಪಿಡು. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನೊಳಗೆ ಇಟ್ಟ ಮಾದರಿಯ ಜೋಡಣೆಗಳು ತಾವಾಗಿ ಬಾಯಿ ಬಿಡುತ್ತವೆ. ಯಾವುದೇ ಅಂಟಾದರೂ ಮೊದಲು ಚೂರಿನ ಮೇಲೆ.

ಕಿನ್ನಾಳದವ, ಕೊಪ್ಪಳ

ಓದುತ್ತಾ ನಮ್ಮೂರಿನ ಕೆಲಸ ನೆನಪಾಯಿತು. ಕಿನ್ನಾಳದ ಗೊಂಬೆಗಳಿಗೂ ಹಗುರ ಮರವೇ ಬೇಕು. ತುಂಡುಗಳನ್ನು ಜೋಡಿಸಿದ ಮೇಲೆ ಸಂದು ಮುಚ್ಚಲು, ಮೈ ನುಣುಪಾಗಿಸಲು ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಮೆತ್ತನ್ನು ಹಚ್ಚುತ್ತಾರೆ. ಕಿಟ್ಟ ಎನ್ನುವುದು ಅದನ್ನೇ. ಒಣಗಿದ ಮೇಲೆ ಕಲ್ಲಿನ ಹಾಗೆ ಗಟ್ಟಿ, ಅದರ ಮೇಲೆ ಬಣ್ಣ ಚೆನ್ನಾಗಿ ಕೂರುತ್ತದೆ. ಫೋಮಿನ ಮೇಲೆ ಹಳೆಯ ತೆಳು ಹತ್ತಿಬಟ್ಟೆ ಇಟ್ಟು ಹುಣಸೆ ಬೀಜದ ಅಂಟು ಸವರಿದರೆ ಹೇಗೆ? ರಾಸಾಯನಿಕದ ವಾಸನೆಯೂ ಇಲ್ಲ, ಫೋಮನ್ನು ತಿನ್ನುವುದೂ ಇಲ್ಲ.

ಬಾಲ್ಸಾವಾದಿ, ತೋರಣಗಲ್ಲು

ಕೆರೆಯಲ್ಲಿ ಮೊದಲ ಸುತ್ತಿಗೇ ಸಾರಾಗುತ್ತದೆ.

ಲ್ಯಾಬ್ ಮೇಷ್ಟ್ರು, ರಾಯಚೂರು

ನಗುವ ಮಾತಲ್ಲ. ರೆಕ್ಕೆಯ ಮೇಲ್ಭಾಗಕ್ಕೆ ಆ ಅಂಟು ಕಾಗದದ ಹೊದಿಕೆಗೆ ಖಂಡಿತ ಹೊಂದುತ್ತದೆ, ಮೇಲೆ ವಾರ್ನಿಷ್ ಬೇಕಷ್ಟೆ. ತಳಕ್ಕೆ ಮಾತ್ರ ಬೇರೆ ಉಪಾಯ: ಚದರ ಮೀಟರಿಗೆ 25 ಗ್ರಾಂ ತೂಗುವ ತೆಳು ಗಾಜಿನ ಬಟ್ಟೆ, ಅದರ ಮೇಲೆ ನೀರಿನಲ್ಲಿ ಕರಗುವ ಪಾಲಿಯುರಿಥೇನ್ ಮರದ ವಾರ್ನಿಷ್. ಬಟ್ಟೆಯನ್ನು ಒಣಗಿದಂತೆಯೇ ಹಾಸಿ, ಮೇಲಿಂದ ಬ್ರಷ್ಷಿನಲ್ಲಿ ಕುಡಿಸಬೇಕು. ನಡುವಿನಿಂದ ಅಂಚಿಗೆ ತಳ್ಳುತ್ತಾ ಹೋದರೆ ಗುಳ್ಳೆ ನಿಲ್ಲುವುದಿಲ್ಲ. ಒಣಗಿದ ಮೇಲೆ ಇನ್ನೆರಡು ಕೋಟು. ತೈಲದ ವಾರ್ನಿಷ್, ಥಿನ್ನರ್ ಇರುವ ಸ್ಪ್ರೇ ಬಣ್ಣ ಹತ್ತಿರ ತರಬೇಡಿ, ಫೋಮ್ ಕರಗುತ್ತದೆ. ಬಟ್ಟೆ ಸಿಗದಿದ್ದರೆ ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪ್. ಅದರ ಅಂಚು ಹಿಂದಿನ ತುಂಡಿನ ಮೇಲೆ ಬರಲಿ, ಮುಂದಿನದರ ಅಡಿಗೆ ಹೋಗಲಿ, ಮನೆಯ ಹೆಂಚಿನ ಕ್ರಮದಲ್ಲಿ. ತಿರುಗುಮುರುಗಾದರೆ ನೀರು ಸಂದಿಗೆ ನುಗ್ಗಿ ಸುಲಿಯುತ್ತದೆ.

ವೈಂಡಿಂಗ್ ಅಂಗಡಿ, ರಾಯಚೂರು

ವಿದ್ಯುತ್ ಭಾಗದ ಬಗ್ಗೆ ಯಾರೂ ಮಾತಾಡಿಲ್ಲ. ಕ್ಯಾಟಲಿನಾದ ಪ್ರೊಪೆಲ್ಲರ್ ವ್ಯಾಸ 12 ಅಡಿ. 24ರಿಂದ ಭಾಗಿಸಿದರೆ ಸರಿಯಾಗಿ ಆರು ಇಂಚು. ಡ್ರೋನಿಗೆ ಬಳಸುವ ಆರು ಇಂಚಿನ ಮೂರು ಅಲಗಿನ ಪ್ರೊಪೆಲ್ಲರ್ ನೋಟಕ್ಕೂ ಸರಿ, ಕೆಲಸಕ್ಕೂ ಸರಿ. ಎರಡೂ ಸೇರಿ ವಿಮಾನದ ತೂಕದ ಮುಕ್ಕಾಲು ಪಾಲಾದರೂ ಎಳೆಯಬೇಕು. ನೀರು ಬಿಡಿಸಲು ನೆಲಕ್ಕಿಂತ ಹೆಚ್ಚು ಬಲ ಬೇಕು. ಒಂದು ಪ್ರೊಪೆಲ್ಲರ್ ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಲಿ. ಮೋಟರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ.

ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಎರಡು ಇರುತ್ತವೆ, ಎರಡರಲ್ಲೂ ಐದು ವೋಲ್ಟ್ ಕೊಡುವ ಬಿಇಸಿ ಇರುತ್ತದೆ. ಒಂದರ ಕೆಂಪು ತಂತಿಯನ್ನು ರಿಸೀವರ್ ಕನೆಕ್ಟರಿನಿಂದ ಹೊರತೆಗೆದು ಟೇಪ್ ಸುತ್ತಿ. ಇಎಸ್‌ಸಿಗಳನ್ನು ಒಡಲಿನಲ್ಲಿ ಇಡಬೇಡಿ, ರೆಕ್ಕೆಯ ಮೋಟರು ಗೂಡಿನಲ್ಲಿಯೇ ಇಡಿ. ನೀರಿನಿಂದಲೂ ದೂರ, ಗಾಳಿಯೂ ತಾಗುತ್ತದೆ. ರಿಸೀವರನ್ನು ರೆಕ್ಕೆ ಹೊತ್ತ ಕಂಬದೊಳಗೆ ಎತ್ತರದಲ್ಲಿ ಕೂರಿಸಿ, ಏಕೆಂದರೆ 2.4 ಗಿಗಾಹರ್ಟ್ಸ್ ಅಲೆ ನೀರಿನೊಳಗೆ ಹಾಯುವುದಿಲ್ಲ. ಆಂಟೆನಾ ಮುಳುಗಿದರೆ ನಿಯಂತ್ರಣ ಹೋಯಿತೆಂದೇ ಲೆಕ್ಕ. ಬೋರ್ಡಿಗೆ ಬಣ್ಣವಿಲ್ಲದ ಉಗುರು ಪಾಲಿಷ್ ಎರಡು ಕೋಟು ಬಳಿಯಿರಿ. ಕನೆಕ್ಟರಿನ ಪಿನ್ನುಗಳಿಗೆ ಮಾತ್ರ ತಾಗದಿರಲಿ.

ಬ್ರಷ್‌ಲೆಸ್ ಮೋಟರಿಗೆ ನೀರು ಬಿದ್ದರೆ ಹೆದರಬೇಡಿ, ಸುರುಳಿ ತಂತಿಗೆ ಅರಗು ಇರುತ್ತದೆ. ಕೆಡುವುದು ಬೇರಿಂಗ್. ಮನೆಗೆ ಬಂದ ಮೇಲೆ ಒಣಗಿಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ.

ಇನ್ನೊಂದು ಮಾತು. ಬಾಲದ ಚುಕ್ಕಾಣಿಯಾದ ರಡ್ಡರಿನ ಜೊತೆ ಎರಡು ಮೋಟರುಗಳ ವೇಗವನ್ನು ಮಿಕ್ಸ್ ಮಾಡಿಕೊಂಡರೆ ನೀರಿನ ಮೇಲೆ ತಿರುಗಿಸಲು ಪ್ರತ್ಯೇಕ ಚುಕ್ಕಾಣಿ ಬೇಕಿಲ್ಲ. ಕ್ಯಾಟಲಿನಾದ ಮೋಟರುಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಪರಿಣಾಮ ಸ್ವಲ್ಪ ಕಡಿಮೆ. ಮಿಕ್ಸ್ ಧಾರಾಳವಾಗಿ ಇಡಿ.

ಬಾಲ್ಸಾವಾದಿ, ತೋರಣಗಲ್ಲು

ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ. ಮೋಟರು ತಲೆಯ ಮೇಲಿದೆ, ನೀರಿನ ಹಿಡಿತ ಕಾಲಿನಲ್ಲಿದೆ. ಥ್ರಾಟಲ್ ಕೊಟ್ಟ ಕೂಡಲೇ ಮೂತಿ ನೀರಿಗೆ ಕುಕ್ಕುತ್ತದೆ. ಮೋಟರು ಕೂರಿಸುವಾಗಲೇ ಎರಡು ಮೂರು ಡಿಗ್ರಿ ಮೇಲ್ಮುಖವಾಗಿ ವಾಲಿಸಿ. ಓಟದ ಆರಂಭದಲ್ಲಿ ಎಲಿವೇಟರ್ ಪೂರ್ತಿ ಹಿಂದಕ್ಕೆ ಹಿಡಿದು, ಥ್ರಾಟಲನ್ನು ನಿಧಾನವಾಗಿ ತೆರೆಯಿರಿ. ಮೂತಿ ಎದ್ದು ಮೆಟ್ಟಿಲಿನ ಮೇಲೆ ಜಾರತೊಡಗಿದ ಮೇಲೆ ಎಲಿವೇಟರ್ ಸಡಿಲಿಸಿ, ವೇಗ ತುಂಬಲು ಬಿಡಿ. ಅಲ್ಲಿಯೂ ಎಳೆದು ಹಿಡಿದರೆ ಬಾಲ ನೀರಿಗೆ ಉಜ್ಜಿ ವೇಗವೇ ಬರುವುದಿಲ್ಲ.

ತುದಿಯ ಫ್ಲೋಟುಗಳ ಮೂತಿ ಕೂಡ ಎರಡು ಡಿಗ್ರಿ ಮೇಲಿರಲಿ. ಕೆಳಮುಖವಾಗಿದ್ದರೆ ಒಂದು ಫ್ಲೋಟ್ ನೀರು ಕಚ್ಚಿದ ಕೂಡಲೇ ವಿಮಾನ ಗಿರಕಿ ಹೊಡೆಯುತ್ತದೆ. ವಿಮಾನ ನೇರವಾಗಿ ನಿಂತಾಗ ಎರಡೂ ಫ್ಲೋಟುಗಳು ನೀರಿಗಿಂತ ಕೂದಲೆಳೆ ಮೇಲಿರಬೇಕು.

ರೆಕ್ಕೆಪುಕ್ಕ, ಬಳ್ಳಾರಿ

ಬೇಡ ಎಂದವರೇ ಇಷ್ಟು ಸೂಕ್ಷ್ಮವಾಗಿ ಹೇಳಿದ್ದೀರಿ, ಅಣ್ಣ! ಮೋಟರು ಗೂಡು ಇನ್ನೂ ಅಂಟಿಸಿಲ್ಲ, ಬೆಣೆ ಇಟ್ಟೇ ಕೂರಿಸುತ್ತೇನೆ.

ಎಡದಂಡೆ, ಮುನಿರಾಬಾದ್

ಎಲ್ಲ ಸರಿ, ಎಲ್ಲಿ ಹಾರಿಸುತ್ತೀರಿ? ಅಣೆಕಟ್ಟಿನ ಆಸುಪಾಸು ಎಂದು ಯಾರಾದರೂ ಯೋಚಿಸಿದ್ದರೆ ಇಲ್ಲಿಗೇ ಬಿಡಿ. 2021ರ ಡ್ರೋನ್ ನಿಯಮಗಳಲ್ಲಿ ದೂರನಿಯಂತ್ರಿತ ಮಾದರಿ ವಿಮಾನಗಳೂ ಬರುತ್ತವೆ. 25 ಕಿಲೋ ಒಳಗಿನ, ಕಲಿಕೆಗೆ ಅಥವಾ ಮನರಂಜನೆಗೆ ಮಾತ್ರ ಬಳಸುವ, ಕಣ್ಣಳತೆಯಲ್ಲೇ ಹಾರಿಸುವ ಮಾದರಿ ಎಂದು ಅವಕ್ಕೆ ಬೇರೆಯೇ ವ್ಯಾಖ್ಯಾನವಿದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳನ್ನು ನೋಡಿಯೇ ಮನೆ ಬಿಡಿ. ಹಸಿರಿನಲ್ಲಿ ಎತ್ತರದ ಮಿತಿ 400 ಅಡಿ. ವಿಮಾನ ನಿಲ್ದಾಣದ ಎಂಟು ಕಿಲೋಮೀಟರ್ ಸುತ್ತ ಹಸಿರು ಸಿಗುವುದಿಲ್ಲ. ತೋರಣಗಲ್ಲಿನವರು ವಿದ್ಯಾನಗರದ ನಿಲ್ದಾಣವನ್ನು ಮರೆಯಬಾರದು. ಶಕ್ತಿನಗರದ ಉಷ್ಣ ಸ್ಥಾವರದ ಹತ್ತಿರ ಕೃಷ್ಣಾ ನದಿ ಎಷ್ಟೇ ಚೆಂದ ಕಂಡರೂ ಬೇಡ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ, ಬಿದ್ದ ವಿಮಾನಕ್ಕೆ ಈಜಿಕೊಂಡು ಹೋಗುವ ನದಿ ಅದಲ್ಲ.

ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿ ಗುಂಯ್‌ಗುಟ್ಟುವ ಯಾವುದೂ ಬೇಡ. ದರೋಜಿ ಕರಡಿಧಾಮದ ಸುತ್ತಲೂ ಹಾಗೆಯೇ.

ಹೊಸಬ, ಸಿಂಧನೂರು

ನಮ್ಮ ಮಾವನ ಹೊಲದಲ್ಲಿ ಕೃಷಿ ಹೊಂಡ ಇದೆ. ಅಲ್ಲಿ ಆಗಬಹುದೇ ಸರ್?

ಎಡದಂಡೆ, ಮುನಿರಾಬಾದ್

ಬೇಡ ತಮ್ಮ. ಏಳುವುದಕ್ಕೇ ಇಪ್ಪತ್ತು ಮೂವತ್ತು ಮೀಟರ್ ಬೇಕು, ಇಳಿಯಲು ಅದರ ಮೂರರಷ್ಟು. ಅದಕ್ಕಿಂತ ಮುಖ್ಯ, ಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಈಜು ಬರುವವರಿಗೂ ಹತ್ತಿ ಬರಲು ಆಗುವುದಿಲ್ಲ. ತೇಲಿಸಿ ನೋಡಲು ದನದ ತೊಟ್ಟಿ ಸಾಕು.

ಹರಿಗೋಲು, ಗಂಗಾವತಿ

ಸಾಣಾಪುರ ಕೆರೆಯ ಬಗ್ಗೆ ಯಾರಾದರೂ ಕೇಳುತ್ತೀರೆಂದು ಮೊದಲೇ ಹೇಳುತ್ತೇನೆ: ರಜಾದಿನ ಬೇಡ. ಪ್ರವಾಸಿಗರು, ಹರಿಗೋಲುಗಳು, ಸುತ್ತ ಬಂಡೆ. ಆರು ಇಂಚಿನ ಪ್ರೊಪೆಲ್ಲರ್ ಬೆರಳು ಕತ್ತರಿಸಬಲ್ಲದು, ಜನರಿದ್ದ ಕಡೆ ಅದಕ್ಕೆ ಜಾಗವಿಲ್ಲ. ಊರ ಹೊರಗಿನ, ಕುಡಿಯುವ ನೀರಿಗೆ ಬಳಸದ ಸಾಧಾರಣ ಕೆರೆ ಹುಡುಕಿ, ಪಂಚಾಯಿತಿಗೆ ತಿಳಿಸಿ. ಮೀನು ಗುತ್ತಿಗೆ ಹಿಡಿದವರನ್ನು ಮೊದಲು ಮಾತಾಡಿಸಿ. ಅವರ ಬಲೆ ಎಲ್ಲಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ನೀರಿನ ಮೇಲೆ ಥರ್ಮೋಕೋಲ್ ತುಂಡುಗಳ ಸಾಲು ಕಂಡರೆ ಅದರ ಕೆಳಗೆ ಬಲೆ ಇದೆ.

ಕಾಲ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಗಾಳಿ ಇಡೀ ದಿನ ತಳ್ಳುತ್ತದೆ, ಕೊಪ್ಪಳದ ಗಾಳಿಯಂತ್ರಗಳಿಗೆ ಹಬ್ಬ, ನಮಗಲ್ಲ. ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿದು ದಡವೆಲ್ಲ ಎರೆಮಣ್ಣಿನ ಕೆಸರು; ಮೊಣಕಾಲು ಹೂತರೆ ಚಪ್ಪಲಿ ವಾಪಸು ಬರುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಬೆಳಗಿನ ಹೊತ್ತು ಒಳ್ಳೆಯದು. ಆದರೆ ಕನ್ನಡಿಯ ಹಾಗೆ ನಿಂತ ನೀರಿಗೆ ಆಸೆಪಡಬೇಡಿ. ಸಣ್ಣ ತೆರೆ ಇದ್ದರೆ ತಳದ ಕೆಳಗೆ ಗಾಳಿ ಸೇರಿ ವಿಮಾನ ಬೇಗ ಬಿಡಿಸಿಕೊಳ್ಳುತ್ತದೆ. ಇಳಿಯುವಾಗಲೂ ಎತ್ತರ ಅಂದಾಜಿಗೆ ಸಿಗುತ್ತದೆ.

ವಿಮಾನ ನಡುನೀರಿನಲ್ಲಿ ನಿಂತರೆ ಯಾರೂ ಈಜಬೇಡಿ. ಹರಿಗೋಲಿನವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಅಥವಾ ಗಾಳದ ಕೋಲಿನ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ಆಚೆಗೆ ಎಸೆದು ಎಳೆಯಿರಿ.

ರೆಕ್ಕೆಪುಕ್ಕ, ಬಳ್ಳಾರಿ

ಕೆಲಸ ಎಲ್ಲಿಗೆ ಬಂದಿದೆ ಎಂದು ತಿಳಿಸುತ್ತೇನೆ. ಮಾಸ್ಟರ್ ಹೇಳಿದ ಟೇಪಿನ ಚರ್ಮ ಸುಲಿಯುವ ವಿಧಾನ ಚೆನ್ನಾಗಿ ಕೂತಿತು. ಮೂತಿಯ ಮೇಲ್ಭಾಗ ನಾಲ್ಕು ತುಂಡುಗಳಲ್ಲಿ ಬಂತು. ಬಾಗಿಸುವ ಮೊದಲು ಹಾಳೆಯ ಹೊರಮೈಗೆ ಟೇಪ್ ಅಂಟಿಸಿ, ಲಟ್ಟಣಿಗೆಯ ಮೇಲೆ ಉರುಳಿಸಿದರೆ ಬಿರುಕು ಬಿಡುವುದಿಲ್ಲ. ಸಂದುಗಳಲ್ಲಿ ಬೆಳಕು ಹಾಯುತ್ತಿತ್ತು. ಎಪಾಕ್ಸಿಗೆ ಫೋಮಿನ ಪುಡಿ ಕಲಸಿ ತುಂಬಿದೆ.

ಮುಖ್ಯವಾದದ್ದು ತಳ. ರೆಕ್ಕೆ ಜೋಡಿಸದೆ, ಬರಿಯ ಒಡಲಿನಲ್ಲಿ ಮರಳಿನ ಪೊಟ್ಟಣಗಳನ್ನು ಇಟ್ಟು 900 ಗ್ರಾಂ ಮಾಡಿ, ಸಿಜಿ ಸರಿಹೊಂದಿಸಿ ಕೆರೆಗೆ ಒಯ್ದೆವು. ಮೂತಿಗೆ ದಾರ, ದಾರಕ್ಕೆ ಉದ್ದನೆಯ ಬಿದಿರು ಕೋಲು. ಕೋಲು ಹಿಡಿದು ಏರಿಯ ಮೇಲೆ ಗೆಳೆಯ ಓಡಿದ, ನಾನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ನಡೆಯುವ ವೇಗದಲ್ಲಿ ಒಡಲು ನೀರನ್ನು ತಳ್ಳಿಕೊಂಡು ಸಾಗುತ್ತದೆ, ಮೂತಿಯ ಮುಂದೆ ಸಣ್ಣ ದಿಬ್ಬ. ಓಟದ ವೇಗ ಬಂದಾಗ ದಿಬ್ಬ ಹಿಂದಕ್ಕೆ ಜಾರಿ ಒಡಲು ಮೇಲೇಳುತ್ತದೆ. ಮೆಟ್ಟಿಲಿನ ಹಿಂದೆ ನೀರು ಕತ್ತರಿಸಿದ ಹಾಗೆ ಬಿಟ್ಟು, ಬಾಲದ ಕೆಳಗೆ ಒಂದು ಹೊಳೆಯುವ ಗುಳಿ ಕಾಣುತ್ತದೆ. ಬಲಬದಿಯ ಅಂಚಿನಲ್ಲಿ ಮಾತ್ರ ನೀರು ಗೋಡೆ ಹತ್ತುತ್ತಿತ್ತು. ಅಲ್ಲಿ ಕಾರ್ಡಿನ ಪಟ್ಟಿ ಎರಡು ಬೆರಳಿನಷ್ಟು ದೂರ ಫೋಮಿನೊಳಕ್ಕೆ ಅದುಮಿ ಕೂತಿದೆ. ಅಷ್ಟಕ್ಕೇ ಇಷ್ಟು ವ್ಯತ್ಯಾಸ! ಪಟ್ಟಿ ಕಿತ್ತು ಹೊಸದು ಹಾಕುತ್ತಿದ್ದೇನೆ.

ಲ್ಯಾಬ್ ಮೇಷ್ಟ್ರು, ರಾಯಚೂರು

ಬಹಳ ಒಳ್ಳೆಯ ಪರೀಕ್ಷೆ. ಇನ್ನು ರೆಕ್ಕೆ ಜೋಡಿಸಿ ತೂಗಿ ನೋಡಿ. 900 ಮೀರಿ 1,200ಕ್ಕೆ ಹೋದರೆ ನಿಲ್ಲುವ ಕನಿಷ್ಠ ವೇಗ ಗಂಟೆಗೆ 33-34 ಕಿಲೋಮೀಟರಿಗೆ ಏರುತ್ತದೆ. ನೀರಿನ ಮೇಲೆ ಆ ನಾಲ್ಕು ಕಿಲೋಮೀಟರ್ ಗಳಿಸುವುದು ಸುಲಭವಲ್ಲ. ನಮ್ಮ ಗಾಳಿಯೂ ತೆಳು: 42 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ 15 ಡಿಗ್ರಿಯಲ್ಲಿ ಇರುವುದಕ್ಕಿಂತ ಎಂಟು ಒಂಬತ್ತು ಶೇಕಡಾ ಕಡಿಮೆ. ಬಳ್ಳಾರಿ ರಾಯಚೂರಿನ ಎತ್ತರಕ್ಕೆ ಇನ್ನೊಂದು ನಾಲ್ಕೈದು ಶೇಕಡಾ ಕಳೆಯಿರಿ. ರೆಕ್ಕೆಗೂ ಪ್ರೊಪೆಲ್ಲರಿಗೂ ಎರಡಕ್ಕೂ ಅದು ನಷ್ಟವೇ. ಬಾಲದ ತೂಕಕ್ಕೆ ಹೆದರಿ. ಅಲ್ಲಿ ಬಳಿದ ಒಂದು ಗ್ರಾಂ ಬಣ್ಣಕ್ಕೆ ಮೂತಿಯಲ್ಲಿ ಹಲವು ಗ್ರಾಂ ಸೀಸ ಇಡಬೇಕಾಗುತ್ತದೆ.

ಕಟಿಂಗ್ ಮಾಸ್ಟರ್, ಕೌಲ್ ಬಜಾರ್

ಬಣ್ಣದ ಮಾತು ಬಂದದ್ದಕ್ಕೆ ಕೇಳುತ್ತೇನೆ, ನೀಲಿ ಬಣ್ಣವೇ ತಾನೇ? ಜೀನ್ಸ್ ಹೊಲಿಯುವ ನಮ್ಮಲ್ಲಿ ನೀಲಿಗೆ ಬರವಿಲ್ಲ.

ರೆಕ್ಕೆಪುಕ್ಕ, ಬಳ್ಳಾರಿ

ಬೆನ್ನಿಗೆ ನೀಲಿಬೂದು, ಹೊಟ್ಟೆಗೆ ಬಿಳಿ, ಮಾಸ್ಟರ್. ನೀರಿನಲ್ಲಿ ಕಲಸುವ ಅಕ್ರಿಲಿಕ್, ಸ್ಪಾಂಜಿನಲ್ಲಿ ಒಂದೇ ತೆಳು ಕೋಟು. ರೆಕ್ಕೆಯ ಅಡಿಗೆ ಮಾತ್ರ ಕಿತ್ತಳೆ ಪಟ್ಟಿ ಹಾಕುತ್ತೇನೆ. ದೂರದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಗೊತ್ತಾಗಬೇಕಲ್ಲ.

ಹೊಸಬ, ಸಿಂಧನೂರು

ಸರ್, ನಾನು ಒಂದೇ ಮೋಟರಿನದು ಮಾಡಲು ನಿರ್ಧರಿಸಿದೆ. ಚಪ್ಪಟೆ ತಳ, ಒಂದು ಮೀಟರ್ ರೆಕ್ಕೆ. ಅದಕ್ಕೂ ಮೆಟ್ಟಿಲು ಬೇಕೇ?

ಬಾಲ್ಸಾವಾದಿ, ತೋರಣಗಲ್ಲು

ಬೇಕು. ಎರಡು ಹಾಳೆ ದಪ್ಪ, ಸಿಜಿಯಿಂದ ಎರಡು ಬೆರಳು ಹಿಂದೆ. ಅಂಚಿಗೆ ಎಟಿಎಂ ಕಾರ್ಡ್. ಮನೆಯವರದು ಕೇಳಿ ತೆಗೆದುಕೋ, ಅವಧಿ ಮುಗಿದಿದೆಯೇ ನೋಡಿ.